ಫೋಟೋ ಸಿಗದ ವಿಜ್ಞಾನಿ

ಅಕ್ಕನ ಮಗಳು ಎಂಟನೇ ಕ್ಲಾಸು. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಶಾಲೆಯಲ್ಲಿ ಚಾರ್ಟ್ ಮಾಡಿಕೊಂಡು ಬರಲು ಹೇಳಿದ್ದರಂತೆ. ಹಿಂದಿನ ದಿನ ಸಂಜೆ ಫೋನ್ ಬಂತು.

“ಮಾಮ, ಹೋಮಿ ಭಾಭಾದು ಸಿಕ್ತು, ಸಾರಾಭಾಯಿದು ಸಿಕ್ತು, ರಾಮನ್‌ದು ಬೇಕಾದಷ್ಟಿದೆ. ಮೆಹ್ದಿ ರಝಾ ಫೋಟೋ ಮಾತ್ರ ಸಿಕ್ತಿಲ್ಲ. ಹುಡುಕಿದ್ರೆ ಬರೀ ಆ ಆಕ್ಟರ್‌ದೇ ಬರ್ತಿದೆ.”

“ಸಿಗಲ್ಲ ಪುಟ್ಟಿ. ಆ ಹೆಸರಿನ ವಿಜ್ಞಾನಿ ಯಾರೂ ಇರಲಿಲ್ಲ.”

“ಮತ್ತೆ ನಾವು ನೋಡಿದ್ವಲ್ಲ?”

ಏನು ಹೇಳಲಿ? ರಜೆಗೆ ನಮ್ಮ ಮನೆಗೆ ಬಂದಿದ್ದಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ರಾಕೆಟ್ ಬಾಯ್ಸ್’ ಸರಣಿಯ ಎರಡೂ ಸೀಸನ್ ತೋರಿಸಿದವನು ನಾನೇ. “ನೋಡು, ಇದೆಲ್ಲ ನಮ್ಮ ಬೆಂಗಳೂರಿನಲ್ಲೇ ಶುರುವಾಗಿದ್ದು, ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ” ಎಂದು ನಡುನಡುವೆ ನಿಲ್ಲಿಸಿ ಪಾಠ ಬೇರೆ ಮಾಡಿದ್ದೆ.

ನಾನೇನೂ ಸಿನಿಮಾ ವಿಮರ್ಶಕನಲ್ಲ. ರಾತ್ರಿ ಊಟ ಮುಗಿದ ಮೇಲೆ ನಿದ್ದೆ ಬರುವ ತನಕ ಏನಾದರೊಂದು ನೋಡುವವನು. ಕೊಲೆ, ಪತ್ತೇದಾರಿಕೆ ಬೇಗ ಬೇಸರ ಬರುತ್ತದೆ. ‘ನೈಜ ಘಟನೆ ಆಧಾರಿತ’ ಎಂದು ಬರೆದಿದ್ದರೆ ಮಾತ್ರ ಕಣ್ಣು ಅಗಲವಾಗುತ್ತದೆ. ಕಳೆದ ನಾಲ್ಕೈದು ವರ್ಷಗಳಲ್ಲಿ ಅಂಥವು ಸಾಲುಸಾಲಾಗಿ ಬಂದಿವೆ. ಷೇರುಪೇಟೆಯ ಹಗರಣ, ಭೋಪಾಲದ ಅನಿಲ ದುರಂತ, ಕಂದಹಾರದ ವಿಮಾನ ಅಪಹರಣ, ದೇಶವಿಭಜನೆ, ಎಲ್ಲವೂ ಆಯಿತು. ಅವುಗಳಲ್ಲಿ ನನಗೆ ಬಹಳ ಹಿಡಿಸಿದ್ದು 2022ರಲ್ಲಿ ಬಂದ ‘ರಾಕೆಟ್ ಬಾಯ್ಸ್’. ಜಿಮ್ ಸರ್ಭ್ ಭಾಭಾ ಆಗಿ ಆ ಪಿಯಾನೋ, ಆ ಠೀವಿ, ಆ ಅಹಂಕಾರ ಎಲ್ಲವನ್ನೂ ಹೊತ್ತು ನಡೆಯುತ್ತಾನೆ. ಇಶ್ವಾಕ್ ಸಿಂಗ್‌ನ ಸಾರಾಭಾಯಿ ಮೆಲುಮಾತಿನವನು. ವಿಜ್ಞಾನಿಗಳ ಕಥೆಯನ್ನು ಇಷ್ಟು ಬಿಗಿಯಾಗಿ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ. ಇವತ್ತು ಕೇಳಿದರೂ ನೋಡಿ ಎನ್ನುತ್ತೇನೆ.

ಕಥೆಯ ಬೇರು ಬೆಂಗಳೂರಿನಲ್ಲಿರುವುದು ನಿಜ. ಕೇಂಬ್ರಿಜ್‌ನಲ್ಲಿದ್ದ ಭಾಭಾ 1939ರಲ್ಲಿ ರಜೆಗೆಂದು ಬಂದಾಗ ಯೂರೋಪಿನಲ್ಲಿ ಯುದ್ಧ ಶುರುವಾಯಿತು. ವಾಪಸು ಹೋಗಲಾಗದೆ ರಾಮನ್ ಇದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು. ಅದೇ ಯುದ್ಧ ಸಾರಾಭಾಯಿಯವರನ್ನೂ ಕೇಂಬ್ರಿಜ್‌ನಿಂದ ಇಲ್ಲಿಗೆ ತಂದಿತು. ದೊರಾಬ್ಜಿ ಟಾಟಾ ಟ್ರಸ್ಟಿನ ಹಣದಿಂದ ಇಲ್ಲೇ ಒಂದು ಕಾಸ್ಮಿಕ್ ಕಿರಣಗಳ ಘಟಕ ಹುಟ್ಟಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್‌ನಲ್ಲಿ ಕೆಲಸ ಆರಂಭಿಸಿದ್ದೂ ಬೆಂಗಳೂರಿನಲ್ಲೇ. ಮುಂಬೈಗೆ ಹೋದದ್ದು ಅದಾದ ಮೇಲೆ. ಯಶವಂತಪುರದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಆ ಮರಗಳ ಸಾಲು ಕಂಡರೆ ಈಗಲೂ ನನಗೆ ಇದೆಲ್ಲ ನೆನಪಾಗುತ್ತದೆ.

ತಕರಾರು ಇರುವುದು ಮೆಹ್ದಿ ರಝಾ ಬಗ್ಗೆ. ದಿಬ್ಯೇಂದು ಭಟ್ಟಾಚಾರ್ಯ ಚೆನ್ನಾಗಿಯೇ ಮಾಡಿದ್ದಾರೆ. ಕಲ್ಕತ್ತೆಯ ಭೌತವಿಜ್ಞಾನಿ, ಭಾಭಾಗೆ ಎದುರಾಳಿ, ಸಿಡುಕ, ಒಳಗೊಳಗೇ ಕುದಿಯುವವನು. ಅವನಿಗೂ ಒಂದು ನೋವಿನ ಹಿನ್ನೆಲೆ ಕೊಟ್ಟಿದ್ದಾರೆನ್ನಿ. ಆದರೂ ಕಥೆಯಲ್ಲಿ ಅವನ ಕೆಲಸ ನಾಯಕನ ಕಾಲಿಗೆ ತೊಡರುವುದು. ಸರಣಿ ಬಂದಾಗಲೇ ವಿಜ್ಞಾನದ ಚರಿತ್ರೆ ಬಲ್ಲವರು ಪತ್ರಿಕೆಗಳಲ್ಲಿ ಇದನ್ನು ಪ್ರಶ್ನಿಸಿದ್ದರು: ಕಲ್ಕತ್ತೆಯ ಭೌತವಿಜ್ಞಾನಿ, ಭಾಭಾರ ಎದುರಾಳಿ ಎಂದರೆ ಅದು ಮೇಘನಾದ್ ಸಾಹಾ ಅಲ್ಲದೆ ಇನ್ನಾರು? ಅವರನ್ನು ಬೇರೆ ಹೆಸರಿಟ್ಟು, ಬೇರೆ ಧರ್ಮ ಕೊಟ್ಟು, ಹೊಟ್ಟೆಕಿಚ್ಚಿನವನನ್ನಾಗಿ ಮಾಡಿದ್ದೇಕೆ? ಪಾತ್ರ ಕಾಲ್ಪನಿಕ ಎಂಬ ಉತ್ತರ ಬಂತು. ನಾನು ಆಗ ಆ ಚರ್ಚೆಯ ತಲೆಬರಹ ಓದಿ ಮುಂದೆ ಹೋದವನು. ಪುಟ್ಟಿಯ ಫೋನ್ ಬಂದ ಮೇಲೆ ಸಾಹಾ ಬಗ್ಗೆ ಸಿಕ್ಕಿದ್ದನ್ನೆಲ್ಲ ಕೂತು ಓದಿದೆ.

ಸಾಹಾ ಹುಟ್ಟಿದ್ದು 1893ರಲ್ಲಿ, ಢಾಕಾ ಹತ್ತಿರದ ಶಿಯೋರಾತಲಿ ಎಂಬ ಹಳ್ಳಿಯಲ್ಲಿ. ತಂದೆಯದು ಸಣ್ಣ ಅಂಗಡಿ. 1905ರಲ್ಲಿ ಬಂಗಾಳ ವಿಭಜನೆಯಾದಾಗ ಗವರ್ನರನ ಭೇಟಿಯನ್ನು ಬಹಿಷ್ಕರಿಸಿದ ಹುಡುಗರಲ್ಲಿ ಇವರೂ ಇದ್ದರು. ಶಾಲೆಯೂ ಹೋಯಿತು, ವಿದ್ಯಾರ್ಥಿವೇತನವೂ ಹೋಯಿತು. ಮುಂದೆ ಕಲ್ಕತ್ತೆಯ ಈಡನ್ ಹಿಂದೂ ಹಾಸ್ಟೆಲ್‌ನಲ್ಲಿ ಮೇಲ್ಜಾತಿಯ ಹುಡುಗರು ಇವರ ಜೊತೆ ಒಂದೇ ಕೋಣೆಯಲ್ಲಿ ಊಟಕ್ಕೆ ಕೂರಲು ಒಪ್ಪಲಿಲ್ಲ. ಅಲ್ಲಿಂದ ಹೊರಟ ಮನುಷ್ಯ 1920ರಲ್ಲಿ ನಕ್ಷತ್ರಗಳ ಬೆಳಕನ್ನು ಓದಲು ಒಂದು ಸಮೀಕರಣ ಕೊಟ್ಟ. ನಕ್ಷತ್ರದ ವಾತಾವರಣದಲ್ಲಿ ಯಾವ ಧಾತುವಿನ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿವೆ ಎಂಬುದಕ್ಕೂ ಅಲ್ಲಿಯ ತಾಪಮಾನ, ಒತ್ತಡಗಳಿಗೂ ಇರುವ ಲೆಕ್ಕ ಅದು. ಖಭೌತವಿಜ್ಞಾನ ಓದುವ ಯಾವ ದೇಶದ ವಿದ್ಯಾರ್ಥಿಯೂ ಇವತ್ತಿಗೂ ಸಾಹಾ ಸಮೀಕರಣವನ್ನು ದಾಟಿಯೇ ಮುಂದೆ ಹೋಗಬೇಕು.

ಇಷ್ಟೇ ಆಗಿದ್ದರೂ ಒಂದು ಸೀಸನ್‌ಗೆ ಸಾಲುತ್ತಿತ್ತು. ಆದರೆ ಮನುಷ್ಯ ಸುಮ್ಮನಿರುವವರಲ್ಲ. ಬಂಗಾಳದ ಪ್ರವಾಹ ಕಂಡವರಾದ್ದರಿಂದ ನದಿಗಳಿಗೆ ಅಣೆಕಟ್ಟು, ಯೋಜನೆ ಎಂದು ಬರೆದರು. ದಾಮೋದರ ಕಣಿವೆ ಯೋಜನೆಯ ಹಿಂದೆ ಅವರ ಬರಹಗಳಿವೆ. ‘ಸೈನ್ಸ್ ಆ್ಯಂಡ್ ಕಲ್ಚರ್’ ಎಂಬ ಪತ್ರಿಕೆ ನಡೆಸಿದರು. 1952ರಲ್ಲಿ ಕಲ್ಕತ್ತೆಯಿಂದ ನಿಂತು ಲೋಕಸಭೆಗೆ ಗೆದ್ದರು. ದೇಶದ ಪಂಚಾಂಗ ಸುಧಾರಣಾ ಸಮಿತಿಯ ಅಧ್ಯಕ್ಷರೂ ಅವರೇ. ಆಕಾಶವಾಣಿಯಲ್ಲಿ ಬೆಳಿಗ್ಗೆ ಇಂಗ್ಲಿಷ್ ತಾರೀಖಿನ ಜೊತೆಗೆ ಶಕೆಯ ತಾರೀಖನ್ನೂ ಹೇಳುತ್ತಾರಲ್ಲ, ಆ ರಾಷ್ಟ್ರೀಯ ಪಂಚಾಂಗ ಆ ಸಮಿತಿಯ ಕೂಸು. ಅದು ಜಾರಿಗೆ ಬಂದದ್ದು 1957ರ ಮಾರ್ಚ್ 22ಕ್ಕೆ. ಅದಕ್ಕೂ ಒಂದು ವರ್ಷ ಮೊದಲೇ, 1956ರ ಫೆಬ್ರವರಿಯಲ್ಲಿ, ಸಾಹಾ ದಿಲ್ಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುವ ದಾರಿಯಲ್ಲಿ ಕುಸಿದು ಬಿದ್ದು ತೀರಿಹೋಗಿದ್ದರು.

ಭಾಭಾರ ಜೊತೆ ಅವರ ಜಗಳ ಇದ್ದದ್ದು ನಿಜ, ಮತ್ತು ಅದು ಸಣ್ಣ ಜಗಳವಲ್ಲ. ಕಲ್ಕತ್ತೆಯಲ್ಲಿ ಸಾಹಾ ಸೈಕ್ಲೋಟ್ರಾನ್ ಕಟ್ಟಲು ಹೊರಟಿದ್ದರು. ಅದಕ್ಕೂ ಹಣ ಕೊಟ್ಟವರಲ್ಲಿ ಟಾಟಾ ಟ್ರಸ್ಟ್ ಇತ್ತು. ನಿರ್ವಾತ ಪಂಪುಗಳನ್ನು ಹೊತ್ತು ಬರುತ್ತಿದ್ದ ಹಡಗನ್ನು ಯುದ್ಧಕಾಲದಲ್ಲಿ ಜಪಾನೀಯರು ಮುಳುಗಿಸಿದರು. ಕೆಲಸ ವರ್ಷಗಟ್ಟಲೆ ಕುಂಟಿತು. ಅಷ್ಟರಲ್ಲಿ ಸ್ವಾತಂತ್ರ್ಯ ಬಂತು, 1948ರಲ್ಲಿ ಪರಮಾಣು ಶಕ್ತಿ ಆಯೋಗ ಬಂತು, ಅದರಲ್ಲಿ ಭಾಭಾ, ಭಟ್ನಾಗರ್, ಕೆ.ಎಸ್. ಕೃಷ್ಣನ್ ಇದ್ದರು, ಸಾಹಾ ಇರಲಿಲ್ಲ. ಹಾಗೆಂದು ಇದನ್ನು ಬರೀ ಹೊಟ್ಟೆಕಿಚ್ಚು ಎನ್ನಲಾಗುವುದಿಲ್ಲ. ಮೊದಲು ವಿಶ್ವವಿದ್ಯಾನಿಲಯಗಳಲ್ಲಿ ಹುಡುಗರನ್ನು ತಯಾರು ಮಾಡಿ, ಕೈಗಾರಿಕೆಯ ಬುನಾದಿ ಹಾಕಿ, ಆಮೇಲೆ ಆಯೋಗ ಎಂಬುದು ಸಾಹಾರ ವಾದ. ಎಲ್ಲವನ್ನೂ ಒಂದು ಸಂಸ್ಥೆಯಲ್ಲಿ, ಸರ್ಕಾರದ ಗುಟ್ಟಿನ ಗೋಡೆಯೊಳಗೆ ಇಡುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಪ್ರಧಾನಿ ಭಾಭಾರ ಕಡೆಗಿದ್ದರು. ಸಾಹಾ ಸೋತರು. ಸೋತ ಮೇಲೂ 1954ರಲ್ಲಿ ಲೋಕಸಭೆಯಲ್ಲಿ ಎದ್ದುನಿಂತು ಅದೇ ಪ್ರಶ್ನೆ ಎತ್ತಿದರು.

ಆ ಗುಟ್ಟಿನ ವಿಷಯದಲ್ಲಿ ಸಾಹಾ ಒಬ್ಬರೇ ಇರಲಿಲ್ಲ ಎಂಬುದು ನನಗೆ ಗೊತ್ತಾದದ್ದೂ ಈಗಲೇ. 1948ರ ಏಪ್ರಿಲ್‌ನಲ್ಲಿ ಪರಮಾಣು ಶಕ್ತಿ ಮಸೂದೆ ಸಂವಿಧಾನ ಸಭೆಯ ಮುಂದೆ ಬಂದಾಗ ಮೈಸೂರಿನಿಂದ ಹೋಗಿದ್ದ ಎಸ್.ವಿ. ಕೃಷ್ಣಮೂರ್ತಿ ರಾವ್ ಎದ್ದು, ಬ್ರಿಟನ್ನಿನ, ಅಮೆರಿಕದ ಕಾನೂನುಗಳಲ್ಲೂ ಇಲ್ಲದಷ್ಟು ಗುಟ್ಟು ಇದರಲ್ಲೇಕೆ ಎಂದು ಕೇಳಿದ್ದರು. ಶಾಂತಿಯ ಬಳಕೆಗೂ ಗುಟ್ಟೇ? ಅದನ್ನೂ ಇದನ್ನೂ ಬೇರ್ಪಡಿಸುವುದು ಕಷ್ಟ ಎಂಬರ್ಥದ ಉತ್ತರ ನೆಹರೂರಿಂದ ಬಂತು. ಎಂಥ ದೃಶ್ಯವಾಗುತ್ತಿತ್ತು ಹೇಳಿ! ಹೊಸ ದೇಶ, ಗಾಂಧಿ ಹೋಗಿ ಇನ್ನೂ ಮೂರು ತಿಂಗಳಾಗಿಲ್ಲ, ಬಾಂಬಿನ ನೆರಳಿನಲ್ಲಿ ಒಂದು ಕಾನೂನು. ಭಾಭಾರೂ ಸರಿ, ಸಾಹಾರೂ ಸರಿ ಎನಿಸುವಂಥ ನಾಟಕ ಅದು. ಅದರ ಬದಲು ನಮಗೆ ಸಿಕ್ಕಿದ್ದು ಗುರಾಯಿಸುವ ಒಬ್ಬ ಎದುರಾಳಿ.

ನೈಜ ಹೆಸರು ಇಟ್ಟರೆ ಕೋರ್ಟು ಕಚೇರಿ ಎಂಬ ಭಯವಿರಬಹುದು. ಒಪ್ಪುತ್ತೇನೆ. ಆದರೆ 2023ರಲ್ಲಿ ‘ಓಪನ್‌ಹೈಮರ್’ ನೋಡಿದಾಗ ಗಮನಿಸಿದೆ: ಅಲ್ಲಿಯ ಎದುರಾಳಿಗೆ ಲೂಯಿಸ್ ಸ್ಟ್ರಾಸ್ ಎಂಬ ಅವನದೇ ಹೆಸರಿದೆ. 1954ರ ವಿಚಾರಣೆ, 1959ರ ಸೆನೆಟ್ ಎಲ್ಲ ದಾಖಲೆಯಲ್ಲಿ ಇರುವಂಥವು. ಸ್ಟ್ರಾಸ್‌ಗೆ ಅನ್ಯಾಯವಾಯಿತು ಎನ್ನುವವರು ಕಡೇಪಕ್ಷ ಆ ಹೆಸರು ಹಿಡಿದು ಹುಡುಕಬಹುದು, ವಾದ ಮಾಡಬಹುದು. ಮೆಹ್ದಿ ರಝಾನ ಪರವಾಗಿ ಯಾರು ವಾದ ಮಾಡುತ್ತಾರೆ? ‘ದಿ ರೈಲ್ವೇ ಮೆನ್’ ನೋಡಿ ಕಣ್ಣೀರು ಹಾಕಿದ್ದೆ. ಕೆ.ಕೆ. ಮೆನನ್‌ನ ಆ ಸ್ಟೇಷನ್ ಮಾಸ್ಟರ್ ಹಿಂದೆ 1984ರ ಆ ರಾತ್ರಿ ಭೋಪಾಲದಲ್ಲಿ ರೈಲು ಹೊರಡಿಸಿ ಜನರನ್ನು ಉಳಿಸಿದ ಗುಲಾಂ ದಸ್ತಗೀರ್ ಇದ್ದಾರೆಂದು ತಿಳಿದದ್ದು ಮಾರನೆಯ ದಿನ, ಬೇರೆಲ್ಲೋ ಓದಿ. ‘ಐಸಿ 814’ ಬಂದಾಗ ಇದರ ತಿರುಗುಮುರುಗು. ಅಪಹರಣಕಾರರು ಒಬ್ಬರನ್ನೊಬ್ಬರು ‘ಭೋಲಾ’, ‘ಶಂಕರ್’ ಎಂದು ಕರೆದುಕೊಂಡದ್ದಕ್ಕೆ ದೊಡ್ಡ ಗದ್ದಲವಾಯಿತು. ಆ ಅಡ್ಡಹೆಸರುಗಳು 2000ದ ಜನವರಿಯಲ್ಲಿ ನಮ್ಮ ಗೃಹ ಸಚಿವಾಲಯವೇ ಕೊಟ್ಟ ಹೇಳಿಕೆಯಲ್ಲಿ ಇದ್ದಂಥವು. ಆ ಗಲಾಟೆಯ ಕಾಲು ಭಾಗವೂ ಸಾಹಾ ವಿಷಯದಲ್ಲಿ ಆಗಲಿಲ್ಲ.

ನಾವೇನು ಕಡಿಮೆಯೇ ಎಂದರೆ, ಅಲ್ಲ. ನನ್ನ ವಯಸ್ಸಿನವರಿಗೆ ಕದಂಬರ ಮಯೂರ ಎಂದರೆ ಡಾ. ರಾಜ್ ಮುಖ. 1975ರ ‘ಮಯೂರ’ದಲ್ಲಿ ಬ್ರಾಹ್ಮಣನಾಗಿ ಬೆಳೆದವನು ತಾನು ಕದಂಬರ ರಾಜಕುಮಾರ ಎಂದು ತಿಳಿಯುತ್ತಾನೆ. ಶಿಕಾರಿಪುರದ ಹತ್ತಿರ ತಾಳಗುಂದದ ಕಂಬದಲ್ಲಿರುವ ಶಾಸನ ಹೇಳುವುದು ಬೇರೆ: ವೇದ ಓದುವ ಮನೆತನದ ಹುಡುಗ, ಗುರುವಿನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದವನು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಆದ ಜಗಳದಿಂದ ಸಿಟ್ಟಾಗಿ ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ. ನನಗೆ ಶಾಸನದ ಕಥೆಯೇ ಇನ್ನೂ ರೋಚಕ. ಆದರೆ ಎರಡರಲ್ಲೂ ಮಯೂರನ ಹೆಸರಿದೆ, ತಾಳಗುಂದಕ್ಕೆ ಹೋಗುವ ದಾರಿ ತೆರೆದೇ ಇದೆ. ಸಾಹಾರ ವಿಷಯದಲ್ಲಿ ದಾರಿಯ ಬೋರ್ಡನ್ನೇ ಕಿತ್ತುಹಾಕಿದ್ದಾರೆ. ನನ್ನ ಸಂಕಟ ಅದು.

ಬೋರ್ಡೇ ಇಲ್ಲದ ಇನ್ನೊಬ್ಬರು ಸಿಕ್ಕಿದ್ದು ಇದೇ ಹುಡುಕಾಟದಲ್ಲಿ. ಸಾಹಾ ಮತ್ತು ರಾಮನ್ ಕಾಲದ ಬಗ್ಗೆ ಆಭಾ ಸೂರ್ ಬರೆದ ಪುಸ್ತಕವೊಂದಿದೆ. ಅದರಲ್ಲಿ ಸಾಹಾರ ಜೊತೆಗೇ ರಾಮನ್‌ರ ಪ್ರಯೋಗಾಲಯದ ಹೆಣ್ಣುಮಕ್ಕಳ ಕಥೆಯೂ ಬರುತ್ತದೆ. ಸರಣಿಯಲ್ಲಿ ಹೆಂಗಸರಿಲ್ಲ ಎಂದಲ್ಲ. ಮೃಣಾಲಿನಿ ಇದ್ದಾರೆ, ಕಮಲಾ ಚೌಧರಿ ಇದ್ದಾರೆ. ಆದರೆ ಪ್ರಯೋಗಾಲಯದಲ್ಲಿ ಕೋಟು ತೊಟ್ಟು ನಿಂತ ಹೆಣ್ಣಿನ ಹೆಸರೊಂದೂ ನನ್ನ ನೆನಪಿನಲ್ಲಿ ಉಳಿದಿಲ್ಲ.

1933ರಲ್ಲಿ ಕಮಲಾ ಭಾಗವತ್ ಬಿ.ಎಸ್ಸಿ.ಯಲ್ಲಿ ಮೊದಲ ದರ್ಜೆ ಪಡೆದು ಬೆಂಗಳೂರಿಗೆ ಬಂದರೆ, ಹೆಣ್ಣು ಎಂಬ ಕಾರಣಕ್ಕೆ ರಾಮನ್ ಸೇರಿಸಿಕೊಳ್ಳಲಿಲ್ಲ. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ನೋಡೋಣ ಎಂಬ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಅದಾದ ಮೇಲೆ ಬಾಗಿಲು ಸ್ವಲ್ಪ ಸಡಿಲವಾಯಿತು. 1940ರಲ್ಲಿ ಆ ಬಾಗಿಲಿನಿಂದ ಒಳಬಂದವರು ತಿರುವಾಂಕೂರಿನ ಪೀರುಮೇಡಿನ ಅನ್ನಾ ಮಣಿ. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ಪದ್ಧತಿಯಂತೆ ವಜ್ರದ ಓಲೆ ಕೊಡಲು ಬಂದರೆ, ಬೇಡ, ವಿಶ್ವಕೋಶ ಕೊಡಿಸಿ ಎಂದಿದ್ದ ಹುಡುಗಿ. ವಿಧಿಯ ತಮಾಷೆ ನೋಡಿ, ರಾಮನ್ ಆಕೆಗೆ ಕೊಟ್ಟ ಕೆಲಸವೂ ವಜ್ರದ್ದೇ. ಮೂವತ್ತಕ್ಕೂ ಹೆಚ್ಚು ವಜ್ರಗಳ ಬೆಳಕನ್ನು ಪರೀಕ್ಷಿಸಿದರು. ಒಂದೊಂದು ಫೋಟೋ ಪ್ಲೇಟಿಗೆ 15ರಿಂದ 20 ಗಂಟೆ ಬೆಳಕು ಬೀಳಬೇಕಿತ್ತು. ರಾತ್ರಿಗಳು ಅಲ್ಲೇ ಕಳೆದವು. ಐದು ಸಂಶೋಧನಾ ಲೇಖನಗಳು ಪ್ರಕಟವಾದವು. 1945ರಲ್ಲಿ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟರೆ, ನಿಮಗೆ ಎಂ.ಎಸ್ಸಿ. ಇಲ್ಲ, ಆದ್ದರಿಂದ ಪಿಎಚ್.ಡಿ. ಇಲ್ಲ ಎಂದರು.

ಆಕೆ ಇಂಗ್ಲೆಂಡಿಗೆ ಹೋದರು. ಸಿಕ್ಕಿದ ವಿದ್ಯಾರ್ಥಿವೇತನ ಹವಾಮಾನ ಉಪಕರಣಗಳದ್ದು, ಅದನ್ನೇ ಕಲಿತರು. 1948ರಲ್ಲಿ ಬಂದು ಪುಣೆಯ ಹವಾಮಾನ ಇಲಾಖೆ ಸೇರಿದರು. ಮಳೆ ಅಳೆಯುವ, ಗಾಳಿ ಅಳೆಯುವ ಉಪಕರಣಗಳನ್ನೂ ಹೊರಗಿನಿಂದ ತರಿಸುತ್ತಿದ್ದ ಕಾಲ. ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಸಿದ್ಧಗೊಳಿಸಿ ಇಲ್ಲೇ ತಯಾರಾಗುವಂತೆ ಮಾಡಿದರು.

1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬ ಮೀನುಗಾರರ ಊರಿನಿಂದ ಮೊದಲ ರಾಕೆಟ್ ಹಾರಿತು. ಸರಣಿಯಲ್ಲಿ ನನಗೂ ಪುಟ್ಟಿಗೂ ಮೈ ಜುಮ್ಮೆಂದದ್ದು ಆ ಉಡಾವಣೆ ನೋಡಿ. ಚರ್ಚು, ತೆಂಗಿನ ಮರಗಳು, ಕಲಾಂ, ಸಾರಾಭಾಯಿ. ರಾಕೆಟ್ ಬಿಡಬೇಕಾದರೆ ನೆಲದ ಮೇಲಿನ ಗಾಳಿಯ ಲೆಕ್ಕ ಬೇಕೇ ಬೇಕು. ಆ ವರ್ಷ ಸಾರಾಭಾಯಿಯವರ ಕೋರಿಕೆಯ ಮೇರೆಗೆ ತುಂಬಾದಲ್ಲಿ ಹವಾಮಾನ ವೀಕ್ಷಣಾಲಯವನ್ನೂ ಉಪಕರಣಗಳ ಗೋಪುರವನ್ನೂ ನಿಲ್ಲಿಸಿದವರು ಅನ್ನಾ ಮಣಿ. ರಾಮನ್ ಪ್ರಯೋಗಾಲಯ, ತುಂಬಾ, ಕ್ಯಾಮೆರಾ ಸುತ್ತಾಡುವ ಎರಡೂ ಜಾಗದಲ್ಲಿ ಇದ್ದವರು.

ಇದನ್ನೆಲ್ಲ ಫೋನಿನಲ್ಲಿ ಪುಟ್ಟಿಗೆ ಹೇಳಲು ಹೋದೆ. ರಾತ್ರಿ ಒಂಬತ್ತಾಗಿತ್ತು, ಅವಳಿಗೆ ಗೋಂದು ಒಣಗುವ ಚಿಂತೆ. “ಕಥೆ ಆಮೇಲೆ ಹೇಳಿ ಮಾಮ, ಈಗ ಯಾರ ಫೋಟೋ ಅಂಟಿಸಲಿ?” ಎಂದಳು. ಸಾಹಾ ಮತ್ತು ಅನ್ನಾ ಮಣಿ ಇಬ್ಬರದೂ ಕಳಿಸಿದೆ. ಚಾರ್ಟಿನಲ್ಲಿ ಉಳಿದದ್ದು ಒಂದೇ ಚೌಕ. ಆಮೇಲೆ ಅಕ್ಕ ಹೇಳಿದ್ದು, ಇಬ್ಬರನ್ನೂ ಚಿಕ್ಕದಾಗಿ ಕತ್ತರಿಸಿ ಅದರಲ್ಲೇ ಪಕ್ಕಪಕ್ಕ ಅಂಟಿಸಿದಳಂತೆ.

ಅನ್ನಾ ಮಣಿಯವರ ಆ ಪ್ರಬಂಧ ಉಳಿದ ಪಿಎಚ್.ಡಿ. ಪ್ರಬಂಧಗಳ ಜೊತೆಯಲ್ಲೇ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ ಎಂದು ಓದಿದೆ. ಮೇಖ್ರಿ ಸರ್ಕಲ್‌ನಿಂದ ಹೆಜ್ಜೆಯ ದೂರ. ಅವಳ ಪರೀಕ್ಷೆ ಮುಗಿಯಲಿ, ಕೇಳಿ ನೋಡುತ್ತೇನೆ, ಒಳಗೆ ಬಿಡುತ್ತಾರೋ ಏನೋ.