ವಜ್ರಲೇಪದಿಂದ ವಿದ್ಯುತ್ಕಣದ ವರೆಗೆ

ದ್ರವವನ್ನು ಬಿಗಿಗೊಳಿಸಿ ನಿಲ್ಲಿಸುವ ವಿದ್ಯೆಯು ನಮ್ಮ ಸೀಮೆಗೆ ಹೊಸದಲ್ಲ. ಈಗಿನ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, 1129ರ ಸುಮಾರಿಗೆ, ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಚಿತ್ರಕಾರರ ವಜ್ರಲೇಪದ ವಿಧಾನವು ಬಂದಿರುವದು. ಎಮ್ಮೆಯ ಹಸಿ ತೊಗಲನ್ನು ಬೆಣ್ಣೆಯಂತಾಗುವ ವರೆಗೆ ನೀರಿನಲ್ಲಿ ಕುದಿಸಿ, ಕಡ್ಡಿಗಳನ್ನಾಗಿ ಮಾಡಿ ಬಿಸಿಲಿಗೆ ಒಣಗಿಸುವದು. ಬೇಕಾದಾಗ ಕರಗಿಸಿ, ಬಿಳಿಮಣ್ಣು ಬೆರೆಸಿ, ಗೋಡೆಗೆ ಮೂರು ಸಲ ಬಳಿಯುವದು. ತೊಗಲಿನಲ್ಲಿ ಮೊದಲೇ ಇದ್ದ ಉದ್ದವಾದ ಅಣುಗಳು ನೀರಾರಿದೊಡನೆ ಒಂದನ್ನೊಂದು ಹಿಡಿದುಕೊಳ್ಳುವವು.

ಬಿಡಿಬಿಡಿಯಾದ ಚಿಕ್ಕ ಅಣುಗಳನ್ನೇ ಸರಪಳಿಯಾಗಿ ಪೋಣಿಸುವದು ಬೇರೆ ವಿದ್ಯೆ. ಈ ಚಿಕ್ಕ ಅಣುವಿಗೆ ಮಾನೊಮರ್ ಎಂದೂ ಸರಪಳಿಗೆ ಪಾಲಿಮರ್ ಎಂದೂ ಹೆಸರು. ಹುಮನಾಬಾದಿನ ಹಳೆಯ ಮನೆಗಳಿಗೆ ಪರಿಚಿತವಾದ ಎರಡು ಎಣ್ಣೆಗಳನ್ನು ನೆನೆಯಿರಿ: ಅಗಸೆ ಎಣ್ಣೆಯು ಗಾಳಿಗಿಟ್ಟರೆ ಪೊರೆಗಟ್ಟುವದು, ಔಡಲೆಣ್ಣೆಯು ಹಾಗೆ ಕಟ್ಟದು. ಅಂಥ ಔಡಲೆಣ್ಣೆಯನ್ನು ಅಮೇರಿಕೆಯ ಕೂಲಿಜ್ ಎಂಬ ಶಾಸ್ತ್ರಜ್ಞನು 1926ರ ಸುಮಾರಿಗೆ ಎಲೆಕ್ಟ್ರಾನುಗಳ ಕಿರಣಕ್ಕೆ ಒಡ್ಡಲು, ಅದು ಗಟ್ಟಿಯಾಯಿತು! ಅಸಿಟಿಲೀನ್ ಅನಿಲವು ಹಳದಿಯ ಪುಡಿಯಾಗಿ ಉದುರಿತು. ಬೆಂಕಿಯಿಲ್ಲದೆ ಕಿರಣವೇ ಅಣುಗಳನ್ನು ಪೋಣಿಸಿದ್ದಿತು.

ಆದರೆ ಈ ಕಿರಣವು ಬಾಣದಂತೆ ನೆಟ್ಟಗೆ ಹೋಗುವದಿಲ್ಲ. ಎಲೆಕ್ಟ್ರಾನು ಅತಿ ಹಗುರಾದ ಕಣ. ಎದುರಾದ ಪರಮಾಣುಗಳಿಂದ ದಾರಿ ತಪ್ಪಿ, ಹಾಲಿನೊಳಗಿನ ಬೆಳಕಿನಂತೆ ಸುತ್ತಲೂ ಚದರುವದು. ಆದುದರಿಂದ ಶಕ್ತಿಯು ಮೇಲ್ಮೈಗಿಂತ ತುಸು ಒಳಗೆ ಹೆಚ್ಚಾಗಿ ಬೀಳುವದು. ಕಿರಣದ ಅಂಚಿನಲ್ಲಿ ಗಟ್ಟಿಗೂ ಹಸಿಗೂ ಗೆರೆ ಸ್ಪಷ್ಟವಾಗಿರದು. 10 ಲಕ್ಷ ಎಲೆಕ್ಟ್ರಾನ್-ವೋಲ್ಟಿನ ಕಣವು ನೀರಿನಲ್ಲಿ ಸುಮಾರು 4 ಮಿಲಿಮೀಟರಿನೊಳಗೇ ನಿಂತುಬಿಡುವದು. ಅದಕ್ಕೂ ದಪ್ಪನಾದ ಲೇಪಕ್ಕೆ ಒಂದೇ ಕಡೆಯಿಂದ ಕಿರಣ ಬಿಟ್ಟರೆ ಮೇಲೆ ಬಿಗಿದು ತಳವು ಹಸಿಯಾಗಿ ಉಳಿದೀತು. ತೆಳುವಾಗಿ, ಪದರುಪದರಾಗಿ ಎಂಬ ಕಲ್ಯಾಣದ ಕುಶಲನ ನಿಯಮವು ಇಲ್ಲಿಯೂ ತಪ್ಪಲಿಲ್ಲ.

ಈ ಕಿರಣವು ಕನ್ನಡನಾಡಿಗೂ ಬಂದಿರುವದು. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ 1990ರ ದಶಕದಲ್ಲಿ ಸ್ಥಾಪಿತವಾದ 80 ಲಕ್ಷ ಎಲೆಕ್ಟ್ರಾನ್-ವೋಲ್ಟಿನ ಮೈಕ್ರೋಟ್ರಾನ್ ಯಂತ್ರದಿಂದ ಪಾಲಿಮರ್ ಹಾಳೆಗಳ ಮೇಲೆಯೂ ಪರೀಕ್ಷೆಗಳು ನಡೆದಿರುವವು.

ವಾಚಕರೇ, ವಜ್ರಲೇಪವನ್ನು ಕುದಿಸಿದ ಕೈಗಳ ಹೆಸರು ನಮಗೆ ತಿಳಿಯದು. ಕಲ್ಯಾಣದ ಅರಮನೆಯೂ ಉಳಿಯಲಿಲ್ಲ. ವಿಧಾನವು ಉಳಿದದ್ದು ಒಬ್ಬ ಅರಸನು ಅದನ್ನು ಬರೆಯಲು ಯೋಗ್ಯವೆಂದು ತಿಳಿದುದರಿಂದ. ನಮ್ಮ ಪ್ರಯೋಗಶಾಲೆಗಳ ವಿದ್ಯೆಯನ್ನು ನಾವು ಕನ್ನಡದಲ್ಲಿ ಬರೆದಿಡದಿದ್ದರೆ, ಎಂಟುನೂರು ವರ್ಷಗಳಾಚೆಯ ಕನ್ನಡಿಗನು ಏನನ್ನು ಓದಿಯಾನು?