ಸೊಳ್ಳೆಪರದೆಯ ಮೇಲೊಂದು ತಡೆ

ಆಫ್ರಿಕಾದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಪರದೆಯೊಳಗೆ ಮಲಗಿದವರ ಬಳಿಗೆ ಬರುವುದು ಹೆಚ್ಚಾಗಿ ಮೇಲಿನಿಂದ. ಮೈಯ ಬಿಸಿ, ಉಸಿರು, ವಾಸನೆ ಮೇಲೇರುವುದು ಅಲ್ಲಿಗೇ ತಾನೆ! ಲಿವರ್‌ಪೂಲ್‌ನ ಸಂಶೋಧಕರು ಇನ್‌ಫ್ರಾರೆಡ್ ಕ್ಯಾಮೆರಾದಿಂದ ಕತ್ತಲಲ್ಲಿ ಈ ಹಾರಾಟವನ್ನು ಸೆರೆಹಿಡಿದರು. ಬಳಿಕ ಪರದೆಯ ಮೇಲ್ಭಾಗದಲ್ಲಿ ನೆಟ್ಟಗೆ ನಿಲ್ಲುವ ಇನ್ನೊಂದು ಬಲೆಯನ್ನು ಕೂರಿಸಿ ಬುರ್ಕಿನಾ ಫಾಸೊದಲ್ಲಿ ಪರೀಕ್ಷಿಸಿದರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಮಲಗಿದವರಿಗೆ ತಾಗದ ಈ ಬಲೆಗೆ, ಮೈಗೆ ಸೋಕಬಾರದ ಔಷಧವನ್ನೂ ಲೇಪಿಸಬಹುದು. ಈ ವಿನ್ಯಾಸದ ನಿಜವಾದ ಜಾಣ್ಮೆ ಇಲ್ಲಿದೆ.

ಬೇರೆ ಔಷಧದ ಅಗತ್ಯವಂತೂ ಇದ್ದೇ ಇತ್ತು. ದಶಕಗಳ ಕಾಲ ಪರದೆಗಳಿಗೆ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕವೊಂದೇ ಗತಿಯಾಗಿತ್ತು. ಅದನ್ನು ತಡೆದುಕೊಳ್ಳುವ ಸೊಳ್ಳೆಗಳು ಉಳಿದು ಬೆಳೆದವು. ಹೊಸ ಪರದೆಗಳಲ್ಲಿ ಪೈರೆಥ್ರಾಯ್ಡ್ ಜೊತೆಗೆ ಸೇರಿಸುವ ಕ್ಲೋರ್‌ಫೆನಾಪಿರ್ ಪೆಟ್ಟು ಕೊಡುವುದು ನರಗಳಿಗಲ್ಲ, ಜೀವಕೋಶದ ಶಕ್ತಿಯ ಮೂಲಕ್ಕೆ. ಹಳೆಯ ಔಷಧವನ್ನು ಒಡೆದುಹಾಕುತ್ತಿದ್ದ ಸೊಳ್ಳೆಯ ಕಿಣ್ವಗಳೇ ಇದನ್ನು ಪ್ರಬಲ ವಿಷವಾಗಿ ಮಾರ್ಪಡಿಸುತ್ತವೆ.

ಟಾಂಜಾನಿಯಾದ ಮಿಸುಂಗ್ವಿಯಲ್ಲಿ ನಡೆದ ಎರಡು ವರ್ಷಗಳ ಪ್ರಯೋಗದಲ್ಲಿ, ಬರೀ ಪೈರೆಥ್ರಾಯ್ಡ್ ಪರದೆ ಬಳಸಿದವರಿಗಿಂತ ಕ್ಲೋರ್‌ಫೆನಾಪಿರ್ ಕೂಡ ಇರುವ ಪರದೆಯಡಿ ಮಲಗಿದ ಮಕ್ಕಳಲ್ಲಿ ಮಲೇರಿಯಾ ಶೇ. 44ರಷ್ಟು ಕಡಿಮೆಯಿತ್ತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಪೈರೆಥ್ರಾಯ್ಡ್‌ಗೆ ಸೊಳ್ಳೆಗಳು ಬಗ್ಗದ ಪ್ರದೇಶಗಳಿಗೆ ಇಂಥ ಪರದೆಯನ್ನು ಶಿಫಾರಸು ಮಾಡಿತು.