ದಾರಿ ಬದಲಾದರೂ ಮನೆ ಸಿಗಬೇಕು

ಹೋದ ತಿಂಗಳು ಆಫೀಸಿನ ಗೆಳೆಯನೊಬ್ಬ ಕಾಫಿ ಮಷೀನ್ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದ. ಅವನ ಅಕ್ಕ ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡಿ ಮಾರ್ತಾರೆ. ಅದಕ್ಕೊಂದು ವೆಬ್‌ಸೈಟ್ ಮಾಡಿಸಿ ನಾಲ್ಕು ತಿಂಗಳಾಯ್ತು. ಮನೆಯವರನ್ನು ಬಿಟ್ಟರೆ ಆ ಕಡೆ ಯಾರೂ ತಲೆ ಹಾಕಿಲ್ಲ. ಈಗ ಯಾರೋ ಫೋನ್ ಮಾಡಿ, ‘ಮೂವತ್ತು ಸಾವಿರ ಕೊಡಿ ಸರ್, ಮೂರು ತಿಂಗಳಲ್ಲಿ ಗೂಗಲ್ಲಿನ ಮೊದಲ ಪುಟಕ್ಕೆ ತಂದು ಕೂರಿಸ್ತೀವಿ’ ಅಂದಿದ್ದಾರಂತೆ. ‘ಕೊಡ್ಲಾ, ಬೇಡ್ವಾ? ಹೇಳು ಗುರೂ’ ಅಂದ.

‘ಬೇಡ’ ಅಂದೆ. ಯಾಕೆ ಬೇಡ ಅಂತ ಹೇಳೋಕೆ ಮಾತ್ರ ಮೂವತ್ತು ವರ್ಷದ ಇತಿಹಾಸ ಬಿಚ್ಚಬೇಕು. ಅದರೊಳಗೆ ನಾನು ಕಳಕೊಂಡಿದ್ದರ ಕತೆಯೂ ಒಂದಿದೆ. ಅವತ್ತು ಕಾಫಿ ಆರಿಹೋಯ್ತೇ ಹೊರತು ಮಾತು ಮುಗೀಲಿಲ್ಲ. ಉಳಿದಿದ್ದನ್ನೂ ಸೇರಿಸಿ ಇಲ್ಲಿ ಬರೀತಿದ್ದೀನಿ.

ಟಿಮ್ ಬರ್ನರ್ಸ್-ಲೀ ಅನ್ನೋರು ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಕೂತು ವರ್ಲ್ಡ್ ವೈಡ್ ವೆಬ್ ಕಟ್ಟಿದರು. 1991ರ ಆಗಸ್ಟ್ 6ರಂದು ಒಂದು ನ್ಯೂಸ್‌ಗ್ರೂಪಿನಲ್ಲಿ ‘ಹೀಗೊಂದು ಮಾಡಿದ್ದೀವಿ, ನೋಡಿ’ ಅನ್ನೋ ಅರ್ಥದ ಸಂದೇಶ ಹಾಕಿದರು. ಲೋಕದ ಮೊದಲ ವೆಬ್‌ಸೈಟಿಗೂ ಪ್ರಚಾರ ಬೇಕಾಯ್ತು ನೋಡಿ. ಆಗ ಸೈಟುಗಳು ಬೆರಳೆಣಿಕೆಯಷ್ಟು. ಯಾರ ಮನೆ ಎಲ್ಲಿದೆ ಅಂತ ಊರವರಿಗೆಲ್ಲ ಗೊತ್ತಿರೋ ಸಣ್ಣ ಹಳ್ಳಿಯ ಹಾಗೆ.

1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಜ್ಞಾನವನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು ಅಂತ ಬಿಟ್ಟುಕೊಟ್ಟಿತು. ಅದೇ ವರ್ಷ ಮೊಸಾಯಿಕ್ ಬ್ರೌಸರ್ ಬಂತು. ಹಳ್ಳಿ ಪೇಟೆಯಾಯ್ತು. 1994ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರ್ರಿ ಯಾಂಗ್, ಡೇವಿಡ್ ಫೈಲೋ ಅನ್ನೋ ಇಬ್ಬರು ವಿದ್ಯಾರ್ಥಿಗಳು ತಮಗಿಷ್ಟವಾದ ಸೈಟುಗಳ ಪಟ್ಟಿ ಮಾಡೋಕೆ ಶುರು ಮಾಡಿದರು. ಅದೇ ಮುಂದೆ ಯಾಹೂ ಆಯ್ತು. ಅಲ್ಲಿ ಸೈಟುಗಳನ್ನು ಒಂದೊಂದಾಗಿ ನೋಡಿ, ಇದು ಕ್ರೀಡೆಗೆ, ಇದು ಅಡುಗೆಗೆ ಅಂತ ವಿಂಗಡಿಸ್ತಿದ್ದವರು ಮನುಷ್ಯರೇ. ಆ ಕಾಲದಲ್ಲಿ ಸೈಟಿನ ಪ್ರಚಾರ ಅಂದರೆ ಅರ್ಜಿ ತುಂಬಿ ಕಾಯೋದು. ಪಟ್ಟಿ ಅಕ್ಷರಕ್ರಮದಲ್ಲಿ ಇರ್ತಿದ್ದರಿಂದ ‘ನಿಮ್ಮ ಸೈಟಿನ ಹೆಸರು ಎ ಅಕ್ಷರದಿಂದ ಶುರುವಾಗಲಿ’ ಅನ್ನೋದು ಅಂದಿನ ದೊಡ್ಡ ಟಿಪ್ಸು! ಆ ಪಟ್ಟಿಯೇ 2014ರ ಕೊನೆಗೆ ಮುಚ್ಚಿಹೋಯ್ತು. ಎ ಅಕ್ಷರದವರೂ ಹೋದರು, ಝಡ್‌ನವರೂ ಹೋದರು.

ಆಮೇಲೆ ಯಂತ್ರಗಳು ಬಂದವು. 1995ರ ಡಿಸೆಂಬರಿನಲ್ಲಿ ಶುರುವಾದ ಆಲ್ಟಾವಿಸ್ಟಾ ಪುಟದ ಒಳಗಿನ ಪದಗಳನ್ನೇ ಓದಿ ಹುಡುಕಿಕೊಡ್ತಿತ್ತು. ಜನ ಸುಮ್ಮನಿರ್ತಾರಾ? ಬಿಳಿ ಹಿನ್ನೆಲೆ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನ ನೂರು ಸಲ ಬರೆದರು. ಓದೋರ ಕಣ್ಣಿಗೆ ಕಾಣಲ್ಲ, ಯಂತ್ರಕ್ಕೆ ಕಾಣುತ್ತೆ. ಪುಟದ ತಲೆಯಲ್ಲಿ ‘ಕೀವರ್ಡ್ಸ್’ ಅಂತ ಒಂದು ಜಾಗ ಇರ್ತಿತ್ತು, ಅದರಲ್ಲಿ ಪುಟಕ್ಕೆ ಸಂಬಂಧವೇ ಇಲ್ಲದ ಪದಗಳನ್ನೆಲ್ಲ ತುರುಕಿದರು. 2009ರ ಸೆಪ್ಟೆಂಬರಿನಲ್ಲಿ ಗೂಗಲ್, ‘ಆ ಜಾಗವನ್ನ ನಾವು ರ‍್ಯಾಂಕಿಂಗಿಗೆ ಬಳಸೋದೇ ಇಲ್ಲ’ ಅಂತ ಬಾಯಿಬಿಟ್ಟು ಹೇಳಿತು. ಆದರೂ ಅದನ್ನ ತುಂಬೋಕೆ ದುಡ್ಡು ಕೇಳೋರು ಇವತ್ತಿಗೂ ಇದ್ದಾರೆ.

1998ರಲ್ಲಿ ಹುಟ್ಟಿದ ಗೂಗಲ್‌ನ ಉಪಾಯ ನಮ್ಮ ಹಳ್ಳಿಯವರಿಗೆ ಹೊಸದಲ್ಲ. ದನದ ಜಾತ್ರೆಯಲ್ಲಿ ಎತ್ತು ಕೊಳ್ಳೋವಾಗ ಮಾರೋನ ಮಾತನ್ನ ಯಾರೂ ನಂಬಲ್ಲ. ಅವನ ಊರಿನ ಇನ್ನೊಬ್ಬರನ್ನ ಕೇಳ್ತಾರೆ. ಹಾಗೆ ಹೇಳಿದ ಇನ್ನೊಬ್ಬರು ಎಂಥೋರು ಅನ್ನೋದನ್ನೂ ತೂಗಿ ನೋಡ್ತಾರೆ. ಪೇಜ್‌ರ‍್ಯಾಂಕ್ ಅಂದರೆ ಇಷ್ಟೇ. ನಿಮ್ಮ ಪುಟದ ಬಗ್ಗೆ ನೀವೇನು ಹೇಳ್ಕೊಂಡಿದ್ದೀರಿ ಅನ್ನೋದಕ್ಕಿಂತ, ನಿಮಗೆ ಯಾರು ಲಿಂಕ್ ಕೊಟ್ಟಿದ್ದಾರೆ, ಅವರಿಗೆ ಎಷ್ಟು ಜನ ಕೊಟ್ಟಿದ್ದಾರೆ ಅನ್ನೋದರ ಲೆಕ್ಕ.

ಲಿಂಕಿಗೆ ಬೆಲೆ ಬಂದಿದ್ದೇ ತಡ, ಅದರ ವ್ಯಾಪಾರವೂ ಶುರುವಾಯ್ತು. ಒಬ್ಬರಿಗೊಬ್ಬರು ಲಿಂಕ್ ಕೊಡೋಕೆಂದೇ ಸಾವಿರಾರು ಉಪಯೋಗವಿಲ್ಲದ ಸೈಟುಗಳು ಎದ್ದವು. ಕಂಡಕಂಡವರ ಪುಟಗಳಲ್ಲಿ ಲಿಂಕ್ ಅಂಟಿಸೋ ಕಾಟ ಹೆಚ್ಚಾದಾಗ, 2005ರಲ್ಲಿ ‘ನೋಫಾಲೋ’ ಅನ್ನೋ ಗುರುತು ಬಂತು. 2011ರ ಫೆಬ್ರವರಿಯಲ್ಲಿ ಗೂಗಲ್ ತಂದ ‘ಪಾಂಡಾ’ ಬದಲಾವಣೆ ಸತ್ವವಿಲ್ಲದ ಪುಟಗಳನ್ನ ಕೆಳಕ್ಕೆ ತಳ್ಳಿತು. 2012ರ ಏಪ್ರಿಲಿನ ‘ಪೆಂಗ್ವಿನ್’ ಅಡ್ಡದಾರಿಯಲ್ಲಿ ಲಿಂಕ್ ಗಿಟ್ಟಿಸಿದವರನ್ನ ಹುಡುಕಿ ಬಡಿಯಿತು. ಮೊದಲ ಪುಟದಲ್ಲಿದ್ದವರು ರಾತ್ರೋರಾತ್ರಿ ಕಾಣೆಯಾದರು. ‘ಮೂರು ತಿಂಗಳಲ್ಲಿ ಮೊದಲ ಪುಟ’ ಅಂತ ಫೋನ್ ಮಾಡೋರನ್ನ ಒಂದು ಪ್ರಶ್ನೆ ಕೇಳಿ: ಲಿಂಕ್ ಎಲ್ಲಿಂದ ತರ್ತೀರಿ? ಅದಕ್ಕೆ ನೇರ ಉತ್ತರ ಸಿಗಲಿಲ್ಲ ಅಂದರೆ ಪೆಂಗ್ವಿನ್ ಕತೆ ನೆನಪಿರಲಿ.

ಇಷ್ಟರಲ್ಲಿ ಒಂದು ವಿಷಯ ಗಮನಿಸಿರ್ತೀರಿ. ಪ್ರತಿ ಕಾಲದ ಕುಯುಕ್ತಿಯೂ ಆ ಕಾಲದ ಜೊತೆಗೇ ಸತ್ತಿದೆ. ಹಾಗಾದರೆ ಉಳಿದಿದ್ದೇನು? ಅದಕ್ಕೆ ನನ್ನ ಕತೆ ಹೇಳಬೇಕು.

ನಮ್ಮ ತಾತ ಊರ ಕೆರೆಯ ನೀರಗಂಟಿ. ಯಾವ ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಯಾವ ರಾತ್ರಿ ನೀರು, ಕೋಡಿ ಬಿದ್ದ ವರ್ಷ ಯಾರ ತೋಟ ಕೊಚ್ಚಿಹೋಯ್ತು, ಎಲ್ಲ ಅವರ ತಲೆಯಲ್ಲಿತ್ತು. ಕಾಗದದ ಮೇಲೆ ಒಂದಕ್ಷರ ಇರಲಿಲ್ಲ. 2006ರಲ್ಲಿ ನಾನು ಪಿಯುಸಿ ಓದ್ತಿದ್ದೆ. ದಸರಾ ರಜೆಯಲ್ಲಿ ಏರಿ ಮೇಲೆ ಕೂತು ತಾತ ಹೇಳ್ತಾ ಹೋದರು, ನಾನು ನೋಟ್‌ಬುಕ್ಕಿನಲ್ಲಿ ಬರ್ಕೊಂಡೆ. ತಾಲೂಕು ಕೇಂದ್ರದ ಸೈಬರ್ ಕೆಫೆಯಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಟೈಪ್ ಮಾಡಿದೆ. ಒಂಬತ್ತು ಪುಟದ ಸೈಟ್ ಆಯ್ತು. ಪುಕ್ಕಟೆ ಜಾಗ ಕೊಡೋ ಒಂದು ಸಣ್ಣ ಸೇವೆಯಲ್ಲಿ ಹಾಕಿದೆ. ತಾತನಿಗೆ ಪ್ರಿಂಟ್ ತೆಗೆದು ತೋರಿಸಿದಾಗ, ‘ಇದು ಅಮೆರಿಕದಲ್ಲೂ ಕಾಣ್ತದೇನ್ಲಾ?’ ಅಂತ ಕೇಳಿದ್ದರು. ‘ಕಾಣ್ತದೆ ತಾತ’ ಅಂದಿದ್ದೆ.

ಅಮೆರಿಕ ಹಾಗಿರಲಿ, ಪಕ್ಕದೂರಿನವರಿಗೂ ಕಾಣಲಿಲ್ಲ. ಯಾಕೆ ಗೊತ್ತಾ? ಗೂಗಲ್ ಕಣ್ಣಿಗೆ ಅದು ಕನ್ನಡವೇ ಆಗಿರಲಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಂತರಜಾಲದಲ್ಲಿ ಕನ್ನಡ ತಡವಾಗಿ ಬಂದಿದ್ದೇನಲ್ಲ. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಶುರುವಾಗಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಕನ್ನಡ ಟೈಪ್ ಮಾಡೋದು ಮನೆಮನೆಗೆ ತಲುಪಿದ್ದು ಇಂಥವರ ಕೆಲಸದಿಂದ. ಆದರೆ ಆ ಕಾಲದ ಫಾಂಟುಗಳ ರೀತಿಯೇ ಬೇರೆ ಇತ್ತು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನ ಕೂರಿಸ್ತಿದ್ದರು. ಪರದೆ ಮೇಲೆ ‘ಕೆರೆ’ ಅಂತ ಕಂಡರೂ ಕಡತದೊಳಗೆ ಇರ್ತಿದ್ದದ್ದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಗೋಜಲು. ಸರ್ಚ್ ಎಂಜಿನ್‌ಗೂ ಅಷ್ಟೇ.

ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರದ್ದೇ ಜಾಗ ಇತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಬಳಕೆಗೂ ಸಿಗ್ತಿತ್ತು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ‘ಸಂಪದ’ ಯೂನಿಕೋಡಿನಲ್ಲೇ ಶುರುವಾದವು. ಅಲ್ಲಿ ಬರೆದಿದ್ದು ಇವತ್ತಿಗೂ ಹುಡುಕಿದರೆ ಸಿಗುತ್ತೆ. ನಾನು ಮಾತ್ರ ಸೈಬರ್ ಕೆಫೆಯಲ್ಲಿ ಇದ್ದ ಹಳೇ ಫಾಂಟಿನಲ್ಲೇ ಬರೆದಿದ್ದೆ. ಇದು ಹಳೇ ಕಾಲದ ತಪ್ಪು ಅಂತ ನಗಬೇಡಿ. ಮೆನು, ಬೆಲೆ, ವಿಳಾಸ ಎಲ್ಲವನ್ನೂ ಒಂದು ಚಂದದ ಪೋಸ್ಟರ್ ಮಾಡಿ ಚಿತ್ರವಾಗಿ ಸೈಟಿಗೆ ಹಾಕ್ತೀವಲ್ಲ, ಅದೂ ಇದೇ ತಪ್ಪಿನ ಹೊಸ ರೂಪ. ಯಂತ್ರ ಸಲೀಸಾಗಿ ಓದೋದು ಅಕ್ಷರವನ್ನ, ಅಕ್ಷರದ ಫೋಟೋವನ್ನಲ್ಲ.

ಎರಡನೇ ತಪ್ಪು, ಬಾಡಿಗೆಯೂ ಇಲ್ಲದ ಮನೆಯನ್ನ ನಂಬಿದ್ದು. 1994ರಲ್ಲಿ ಶುರುವಾದ ಜಿಯೋಸಿಟೀಸ್ ಕತೆ ಕೇಳಿ. ಪುಕ್ಕಟೆ ಪುಟ ಕೊಡ್ತಿತ್ತು. ‘ಹಾಲಿವುಡ್’, ‘ಸಿಲಿಕಾನ್ ವ್ಯಾಲಿ’ ಅಂತ ಬಡಾವಣೆಗಳು, ಅದರೊಳಗೆ ಮನೆ ನಂಬರಿನ ಹಾಗೆ ವಿಳಾಸ. 1999ರಲ್ಲಿ ಯಾಹೂ ಅದನ್ನ ಕೊಂಡಿದ್ದು ಸುಮಾರು 350 ಕೋಟಿ ಡಾಲರಿಗೆ. ಹತ್ತೇ ವರ್ಷ. 2009ರ ಅಕ್ಟೋಬರ್ 26ರಂದು ಬಾಗಿಲು ಹಾಕಿತು. ‘ಆರ್ಕೈವ್ ಟೀಮ್’ ಅನ್ನೋ ಸ್ವಯಂಸೇವಕರ ಗುಂಪು ಸಿಕ್ಕಷ್ಟನ್ನ ಉಳಿಸಿಕೊಂಡಿತು. ಗೂಗಲ್ ರೀಡರ್ 2013ರ ಜುಲೈ 1ಕ್ಕೆ, ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ, ಗೂಗಲ್ ಪ್ಲಸ್ 2019ರ ಏಪ್ರಿಲಿಗೆ ಮುಚ್ಚಿದವು. ಇನ್‌ಸ್ಟಾಗ್ರಾಂ ಬೇಡ ಅಂತ ನಾನು ಹೇಳಲ್ಲ. ಸಂತೆಯಲ್ಲಿ ಕೂಗಿ ಮಾರೋಕೆ ಒಳ್ಳೇ ಜಾಗ. ಆದರೆ ಸಂತೆ ಮುಗಿದ ಮೇಲೆ ಮೂಟೆ ಇಳಿಸೋಕೆ ಸ್ವಂತದ ಮನೆ ಬೇಕಲ್ವಾ?

ನಾನು ಬಿಇ ಮುಗಿಸಿ ಬೆಂಗಳೂರಿಗೆ ಬರೋ ಹೊತ್ತಿಗೆ ತಾತ ಇರಲಿಲ್ಲ. ಸೈಟಿಗೆ ಜಾಗ ಕೊಟ್ಟಿದ್ದ ಆ ಸಣ್ಣ ಸೇವೆಯೂ ಮುಚ್ಚಿತ್ತು. ಮುಚ್ಚುತ್ತೇವೆ ಅನ್ನೋ ಮೇಲ್ ಬಂದಿದ್ದು ನಾನು ತೆರೆಯೋದೇ ಬಿಟ್ಟಿದ್ದ ಹಳೇ ಮೇಲ್‌ಬಾಕ್ಸಿಗೆ. ಊರಲ್ಲಿ ಮನೆ ರಿಪೇರಿ ಮಾಡಿಸೋವಾಗ ನೋಟ್‌ಬುಕ್ ಅಟ್ಟದ ಮೇಲೆ ಗೆದ್ದಲು ಹಿಡಿದಿತ್ತು. ಅಲ್ಲಿಗೆ ಎಲ್ಲ ಮುಗೀತು ಅಂದ್ಕೊಂಡೆ.

2020ರ ಲಾಕ್‌ಡೌನಿನಲ್ಲಿ ಒಂದು ರಾತ್ರಿ ನಿದ್ದೆ ಬರ್ಲಿಲ್ಲ. ಇಂಟರ್ನೆಟ್ ಆರ್ಕೈವ್ ಅನ್ನೋ ಸಂಸ್ಥೆ 1996ರಿಂದ ಜಾಲದ ಪುಟಗಳ ಪ್ರತಿ ಎತ್ತಿಡ್ತಾ ಬಂದಿದೆ. 2001ರಲ್ಲಿ ‘ವೇಬ್ಯಾಕ್ ಮಷೀನ್’ ಹೆಸರಲ್ಲಿ ಅದನ್ನ ಎಲ್ಲರಿಗೂ ತೆರೆದಿಟ್ಟಿತು. ಅದರಲ್ಲಿ ನನ್ನ ಹಳೇ ವಿಳಾಸ ಹಾಕಿ ನೋಡಿದೆ. ಒಂಬತ್ತರಲ್ಲಿ ಆರು ಪುಟ ಇದ್ದವು!

ಹೇಗೆ ಉಳೀತು ಅಂತ ಹುಡುಕಿದೆ. ಕೆರೆಗಳ ಬಗ್ಗೆ ಆಸಕ್ತಿ ಇದ್ದ ಒಬ್ಬರು ತಮ್ಮ ಸೈಟಿನಲ್ಲಿ ನನ್ನ ಪುಟಕ್ಕೊಂದು ಲಿಂಕ್ ಕೊಟ್ಟಿದ್ದರು. ನಾನು ಕೇಳಿರಲಿಲ್ಲ, ಅವರ ಪರಿಚಯವೂ ನನಗಿಲ್ಲ. ಆ ಒಂದೇ ದಾರಿ ಹಿಡಿದು ಆರ್ಕೈವಿನ ಯಂತ್ರ ನಮ್ಮೂರ ಕೆರೆಯವರೆಗೂ ಬಂದಿರಬೇಕು. ಬೇರೆ ದಾರಿ ನನಗೆ ಕಾಣಲಿಲ್ಲ. ಲಿಂಕ್ ಅಂದರೆ ರ‍್ಯಾಂಕಿಂಗ್ ಅಂತಷ್ಟೇ ತಿಳಿದಿದ್ದ ನನಗೆ, ಅದು ಜೀವ ಉಳಿಸೋ ಹಗ್ಗವೂ ಆಗಬಹುದು ಅಂತ ಅವತ್ತು ಗೊತ್ತಾಯ್ತು.

ಪುಟದಲ್ಲಿದ್ದದ್ದು ಮಾತ್ರ ಅದೇ ಗೋಜಲು ಚಿಹ್ನೆಗಳು. ಎರಡು ಭಾನುವಾರ ಕೂತು ಅದನ್ನ ಯೂನಿಕೋಡಿಗೆ ತಿರುಗಿಸೋ ಸ್ಕ್ರಿಪ್ಟ್ ಬರೆದೆ. ಅರ್ಕಾವತ್ತು ತುಂಬಾ ಸತಾಯಿಸಿತು. ಹಳೇ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣೋ ಹಾಗೆ ಅಕ್ಷರದ ನಂತರ ಬರುತ್ತೆ, ಯೂನಿಕೋಡಿನಲ್ಲಿ ಉಚ್ಚಾರಣೆಯ ಹಾಗೆ ಮೊದಲು ಬರಬೇಕು. ಅದು ಸರಿಯಾದ ಕೂಡಲೇ ಅಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ. ಸುಮ್ಮನೆ ಕೇಳಿಸ್ಕೊಂಡು ಕೊನೆಗೆ, ‘ಮೂಡಲ ತೂಬು ಅಂತ ಬರ್ದಿದೀಯ, ಅದು ಪಡುವಲ ತೂಬು ಕಣೋ. ನಿಮ್ ತಾತ ಸರಿಯಾಗೇ ಹೇಳಿರ್ತಾನೆ, ನೀನೇ ತಪ್ಪು ಬರ್ದಿದೀಯ’ ಅಂದರು. ತಿದ್ದಿದೆ. ಹದಿನಾಲ್ಕು ವರ್ಷದ ಮೇಲೆ.

ಸಿಗದೇ ಹೋದ ಮೂರರಲ್ಲಿ ಒಂದು, ರಾತ್ರಿ ಪಾಳಿಯ ಪಟ್ಟಿ. ಬರಗಾಲದ ವರ್ಷ ಇದ್ದ ಸ್ವಲ್ಪ ನೀರನ್ನ ಯಾವ ಗದ್ದೆಗೆ, ಎಷ್ಟು ಹೊತ್ತು, ಯಾವ ಕ್ರಮದಲ್ಲಿ ಬಿಡಬೇಕು ಅನ್ನೋದು. ಅಪ್ಪನಿಗೆ ಅರ್ಧ ಗೊತ್ತು. ಇನ್ನರ್ಧ ಈಗ ಯಾರಿಗೂ ಗೊತ್ತಿಲ್ಲ.

ಗೆಳೆಯನಿಗೆ ಕೊನೆಗೆ ಬರೆದುಕೊಟ್ಟಿದ್ದು ಇಷ್ಟು. ಡೊಮೇನ್ ಅಕ್ಕನ ಹೆಸರಲ್ಲೇ ಇರಲಿ, ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲಿ ಬೇಡ. ನವೀಕರಣದ ಮೇಲ್ ನೀವು ದಿನಾ ನೋಡೋ ವಿಳಾಸಕ್ಕೆ ಬರಲಿ. ಪ್ರತಿ ತಿನಿಸಿಗೂ ಒಂದೊಂದು ಪುಟ, ಅದರಲ್ಲಿ ಅಕ್ಷರದಲ್ಲೇ ವಿವರ. ಜನ ಹುಡುಕೋ ಪದದಲ್ಲೇ ಬರೀರಿ, ‘ಅಕ್ಕಿ ಹಪ್ಪಳ’ ಅಂದರೆ ಅಕ್ಕಿ ಹಪ್ಪಳ. ಒಮ್ಮೆ ಕೊಟ್ಟ ವಿಳಾಸ ಬದಲಾಯಿಸಬೇಡಿ. ಬರ್ನರ್ಸ್-ಲೀ 1998ರಲ್ಲೇ ಈ ವಿಷಯಕ್ಕೆಂದೇ ಒಂದು ಲೇಖನ ಬರೆದಿದ್ದಾರೆ. ಬದಲಾಯಿಸಲೇಬೇಕಾದರೆ ಹಳೇ ವಿಳಾಸದಿಂದ ಹೊಸದಕ್ಕೆ ರಿಡೈರೆಕ್ಟ್ ಹಾಕಿ. ಗೂಗಲ್ ಸರ್ಚ್ ಕನ್ಸೋಲಿನಲ್ಲಿ ಸೈಟ್‌ಮ್ಯಾಪ್ ಕೊಡಿ, ಅದು ಪುಕ್ಕಟೆ. ಫೋಟೋಗಳನ್ನ ಹಗುರ ಮಾಡಿ, ನೋಡೋರು ಮೊಬೈಲಿನಲ್ಲಿ ನೋಡ್ತಾರೆ. ಅಕ್ಕನ ಹಪ್ಪಳ ತಗೊಳ್ಳೋ ಅಂಗಡಿ, ಅಡುಗೆ ಕಾಂಟ್ರಾಕ್ಟರು, ಇವರಿಗೆಲ್ಲ ಸೈಟ್ ಇದ್ದರೆ ಒಂದು ಲಿಂಕ್ ಕೇಳಿ. ಅದು ನಿಜವಾದ ಶಿಫಾರಸು. ಎಲ್ಲದರದ್ದೂ ಒಂದು ಬ್ಯಾಕಪ್ ಮನೆಯಲ್ಲಿರಲಿ, ವೇಬ್ಯಾಕ್ ಮಷೀನಿಗೂ ಒಂದು ಪ್ರತಿ ನೀವೇ ಸೇರಿಸಿ.

‘ಇಷ್ಟೇನಾ? ಇದರಲ್ಲಿ ಟ್ರಿಕ್ಕೇ ಇಲ್ವಲ್ಲೋ’ ಅಂದ. ಇಲ್ಲ. ಅಕ್ಕ ಈಗ ಮೊದಲ ಪುಟ ಬರೆದಿದ್ದಾರೆ. ಅವರ ಅಜ್ಜಿ ಹಪ್ಪಳದ ಹಿಟ್ಟಿಗೆ ಯಾವ ಹದದಲ್ಲಿ ಎಸರು ಇಡ್ತಿದ್ದರು ಅಂತ. ನಾನು ಓದಿದ ಕೂಡಲೇ ಮಾಡಿದ ಮೊದಲ ಕೆಲಸ, ನನ್ನ ಸೈಟಿನಿಂದ ಅದಕ್ಕೊಂದು ಲಿಂಕ್ ಕೊಟ್ಟಿದ್ದು.